ಏಜ್ ಆಫ್ ಎಂಪೈರ್ಸ್ 2ರಲ್ಲಿ ಯುಗ ದಾಟೋದು ಯಾವಾಗ, ಹೇಗೆ

ಬೇಸಿಗೆ ರಜೆಗೆ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಅವನು ಕಂಪ್ಯೂಟರ್‌ನಲ್ಲಿ ಏಜ್ ಆಫ್ ಎಂಪೈರ್ಸ್ 2 ಅನ್ನುವ, ಊರು ಕಟ್ಟಿ ಸೈನ್ಯ ಬೆಳೆಸಿ ಕಾದಾಡುವ ಆಟ ಆಡುತ್ತಿದ್ದ, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. 16ನೇ ನಿಮಿಷಕ್ಕೆ ಕ್ಯಾಸಲ್ ಏಜ್, ಅಂದರೆ ಆಟದ ಮೂರನೇ ಯುಗ, ಮುಟ್ಟಿದ ಸದ್ದು ಬಂತು. ಎದುರಾಳಿ ಇನ್ನೂ ಎರಡನೆಯದಾದ ಫ್ಯೂಡಲ್ ಏಜ್‌ನಲ್ಲೇ ಇದ್ದ. ಹುಡುಗ ಖುಷಿಯಿಂದ ನನ್ನ ಕಡೆ ತಿರುಗಿದ. ನಾಲ್ಕು ನಿಮಿಷ ಆಗೋಷ್ಟರಲ್ಲಿ ಆಟ ಮುಗಿದಿತ್ತು, ಸೋತಿದ್ದು ಇವನೇ. "ಮಾಮ, ನಾನು ಮುಂದಿನ ಯುಗದಲ್ಲಿದ್ದೆ, ಅವನು ಹಿಂದಿನ ಯುಗದಲ್ಲಿದ್ದ. ಆದ್ರೂ ನಾನ್ಯಾಕೆ ಸೋತೆ?"

ಬಹಳ ಒಳ್ಳೆ ಪ್ರಶ್ನೆ ಅದು. ಇತಿಹಾಸದ ಮೇಲೆ ಕಟ್ಟಿದ ತಂತ್ರದ ಆಟಗಳನ್ನು ಹೊಸದಾಗಿ ಆಡುವವರು ಹೆಚ್ಚುಕಮ್ಮಿ ಎಲ್ಲರೂ ಇಲ್ಲೇ ಎಡವುತ್ತಾರೆ. ಯುಗ ಅಂದರೆ ಏಣಿಯ ಮೆಟ್ಟಿಲು, ಮೇಲಿದ್ದವನು ಗೆಲ್ಲುತ್ತಾನೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಯುಗ ನೀವು ದುಡ್ಡು ಕೊಟ್ಟು ಕೊಳ್ಳುವ ಒಂದು ಸರಕು. ಅದಕ್ಕೆ ಬೆಲೆ ಇದೆ, ಆ ಬೆಲೆಯ ಅರ್ಧ ಭಾಗ ಪರದೆಯ ಮೇಲೆ ಕಾಣೋದೇ ಇಲ್ಲ. ಕೊಂಡ ಮೇಲೆ ಅದನ್ನು ಬಳಸೋಕೆ ಕೈಯಲ್ಲಿ ಇನ್ನಷ್ಟು ಇರಬೇಕು. ಇಷ್ಟು ಗೊತ್ತಾದರೆ ಮಿಕ್ಕಿದ್ದೆಲ್ಲ ಲೆಕ್ಕ.

ಅವನ ಆಟವನ್ನು ಮತ್ತೆ ಹಾಕಿ ಇಬ್ಬರೂ ನೋಡಿದೆವು. ಕ್ಯಾಸಲ್ ಏಜ್ ಮುಟ್ಟಿದ ಗಳಿಗೆಯಲ್ಲಿ ಅವನ ಹತ್ತಿರ 22 ವಿಲೇಜರ್‌ಗಳು (ದುಡಿಯುವ, ಕಟ್ಟುವ ಆಳುಗಳು), 40 ಗೋಲ್ಡ್, ಹೆಚ್ಚುಕಮ್ಮಿ ಸೊನ್ನೆ ವುಡ್. ಫ್ಯೂಡಲ್‌ನಲ್ಲಿ ಕಟ್ಟಿದ್ದು ಮಾರ್ಕೆಟ್ ಮತ್ತು ಬ್ಲ್ಯಾಕ್‌ಸ್ಮಿತ್. ಕಾಲಾಳುಗಳ ಬ್ಯಾರಕ್ಸ್ ಕಟ್ಟೇ ಇರಲಿಲ್ಲ. ನೈಟ್, ಅಂದರೆ ಕವಚ ತೊಟ್ಟ ಕುದುರೆ ಸವಾರ, ಬೇಕು ಅಂದರೆ ಸ್ಟೇಬಲ್ (ಲಾಯ) ಬೇಕು, ಸ್ಟೇಬಲ್ ಬೇಕು ಅಂದರೆ ಮೊದಲು ಬ್ಯಾರಕ್ಸ್ ಬೇಕು. ಎರಡಕ್ಕೂ ತಲಾ 175 ವುಡ್. ಒಬ್ಬನೇ ಕಟ್ಟಿದರೆ ತಲಾ 50 ಸೆಕೆಂಡ್. ಅದಾದ ಮೇಲೆ ಒಂದು ನೈಟ್‌ಗೆ 60 ಫುಡ್, 75 ಗೋಲ್ಡ್. ಅಷ್ಟರಲ್ಲಿ ಎದುರಾಳಿಯ ಹತ್ತು ಆರ್ಚರ್‌ಗಳು (ಬಿಲ್ಲುಗಾರರು) ಮರ ಕಡಿಯುವ ಜಾಗಕ್ಕೆ ಬಂದು ನಿಂತಿದ್ದರು. ಆರ್ಚರ್ ಹಿಂದಿನ ಯುಗದ ಆಳು, ಆದರೆ ಅವನು ಅಲ್ಲಿ ಇದ್ದ. ನೈಟ್ ಮುಂದಿನ ಯುಗದವನು, ಆದರೆ ಇನ್ನೂ ಹುಟ್ಟಿರಲಿಲ್ಲ.

ಇಲ್ಲಿ ನಾನು ಹೇಳುವ ಅಂಕಿಗಳೆಲ್ಲ ಈ ಆಟವನ್ನು ಹೊಸದು ಮಾಡಿ 2019ರಲ್ಲಿ ತಂದ ಡೆಫಿನಿಟಿವ್ ಎಡಿಷನ್‌ನವು, ಸಾಮಾನ್ಯ ಆಟದವು. ಸೆಕೆಂಡು ಅಂದರೆ ಆಟದ ಗಡಿಯಾರದ ಸೆಕೆಂಡು, ನಿಮ್ಮ ಕೈಗಡಿಯಾರದ್ದಲ್ಲ. ಫುಡ್, ವುಡ್, ಗೋಲ್ಡ್, ಸ್ಟೋನ್ ಅಂತಲೇ ಬರೆಯುತ್ತೇನೆ, ಆಡುವಾಗ ನಾವೆಲ್ಲ ಹಾಗೇ ತಾನೇ ಹೇಳೋದು.

ಬಿಲ್ ಎಷ್ಟು?

ಆಟದಲ್ಲಿ ನಾಲ್ಕು ಯುಗ. ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್. ಎಲ್ಲರೂ ಡಾರ್ಕ್‌ನಲ್ಲೇ ಶುರು ಮಾಡುತ್ತಾರೆ. ಫ್ಯೂಡಲ್‌ಗೆ 500 ಫುಡ್, 130 ಸೆಕೆಂಡ್. ಕ್ಯಾಸಲ್‌ಗೆ 800 ಫುಡ್, 200 ಗೋಲ್ಡ್, 160 ಸೆಕೆಂಡ್. ಇಂಪೀರಿಯಲ್‌ಗೆ 1000 ಫುಡ್, 800 ಗೋಲ್ಡ್, 190 ಸೆಕೆಂಡ್. ಇದರ ಜೊತೆಗೆ ಆಗ ಇರುವ ಯುಗದ ಎರಡು ಬೇರೆ ಬೇರೆ ಕಟ್ಟಡಗಳು ಎದ್ದಿರಬೇಕು. ಡಾರ್ಕ್‌ನಲ್ಲಿ ಲಂಬರ್ ಕ್ಯಾಂಪ್, ಮಿಲ್, ಮೈನಿಂಗ್ ಕ್ಯಾಂಪ್, ಬ್ಯಾರಕ್ಸ್, ಡಾಕ್ ಇವುಗಳಲ್ಲಿ ಎರಡು. ವುಡ್ ತಂದು ಹಾಕೋಕೆ ಲಂಬರ್ ಕ್ಯಾಂಪ್, ಫುಡ್ ತಂದು ಹಾಕೋಕೆ ಮಿಲ್ ಹೇಗೂ ಬೇಕೇ ಬೇಕು, ಹಾಗಾಗಿ ಇಲ್ಲಿ ತಲೆನೋವಿಲ್ಲ.

ಕಾಣದ ಬೆಲೆ ಯಾವುದು ಗೊತ್ತಾ? ಯುಗದ ಬಟನ್ ಇರೋದು ಊರಿನ ಮುಖ್ಯ ಕಟ್ಟಡವಾದ ಟೌನ್ ಸೆಂಟರ್‌ನಲ್ಲಿ, ವಿಲೇಜರ್‌ಗಳು ಹುಟ್ಟೋದೂ ಅಲ್ಲೇ. ಬಟನ್ ಒತ್ತಿದ ಮೇಲೆ ಆ ಟೌನ್ ಸೆಂಟರ್ ಬೇರೆ ಕೆಲಸ ಮಾಡುವುದಿಲ್ಲ. ವಿಲೇಜರ್ ಹೊರಗೆ ಬರುವುದಿಲ್ಲ. ಒಬ್ಬ ವಿಲೇಜರ್‌ಗೆ 25 ಸೆಕೆಂಡ್. ಅಂದರೆ ಫ್ಯೂಡಲ್‌ಗೆ ಹೋಗುವ 130 ಸೆಕೆಂಡಿನಲ್ಲಿ ಐದು ವಿಲೇಜರ್‌ಗಳು ಹುಟ್ಟಬೇಕಿತ್ತು, ಹುಟ್ಟಲಿಲ್ಲ. ಕ್ಯಾಸಲ್‌ಗೆ ಆರು, ಇಂಪೀರಿಯಲ್‌ಗೆ ಏಳು. ಒಂದೇ ಟೌನ್ ಸೆಂಟರ್ ಇಟ್ಟುಕೊಂಡು ಮೂರೂ ಯುಗ ದಾಟಿದರೆ 480 ಸೆಕೆಂಡ್ ಹೋಯಿತು, ಮಿಕ್ಕ ಚಿಲ್ಲರೆ ಸೆಕೆಂಡುಗಳೂ ಸೇರಿ 19 ವಿಲೇಜರ್‌ಗಳು ಕಮ್ಮಿ. ನಿಮ್ಮ ಊರಿನಲ್ಲಿ 20 ಜನ ಇರುವಾಗ ಐದು ಜನ ಅಂದರೆ ಕಾಲು ಭಾಗ. ಅದೇ 80 ಜನ ಇರುವಾಗ ಏಳು ಜನ ಲೆಕ್ಕಕ್ಕೇ ಬರುವುದಿಲ್ಲ, ಅದರಲ್ಲೂ ಬೇರೆ ಎರಡು ಟೌನ್ ಸೆಂಟರ್‌ಗಳು ಆಳುಗಳನ್ನು ಕೊಡುತ್ತಲೇ ಇದ್ದರೆ. ಮೊದಲನೇ ಯುಗ ದಾಟೋದು ಎಲ್ಲಕ್ಕಿಂತ ಅಗ್ಗ ಅಂತ ಪರದೆ ತೋರಿಸುತ್ತೆ, ಆದರೆ ನಿಜವಾಗಿ ನೋಡಿದರೆ ತುಂಬ ದುಬಾರಿ ಅದೇ. ಅದಕ್ಕೇ ಡಾರ್ಕ್ ಏಜ್ ಬಗ್ಗೆ ನಾನು ಜಾಸ್ತಿ ಬರೆಯುತ್ತೇನೆ.

ಡಾರ್ಕ್ ಏಜ್: ಟೌನ್ ಸೆಂಟರ್ ನಿಲ್ಲಬಾರದು

ಶುರುವಿನಲ್ಲಿ ಮೂವರು ವಿಲೇಜರ್, ಒಂದು ಸ್ಕೌಟ್ (ಸುತ್ತಮುತ್ತ ನೋಡಿ ಬರುವ ಸವಾರ), 200 ಫುಡ್, 200 ವುಡ್, 100 ಗೋಲ್ಡ್, 200 ಸ್ಟೋನ್. ವಿಲೇಜರ್ ಒಬ್ಬನಿಗೆ 50 ಫುಡ್. ಅಂದರೆ ಕೈಯಲ್ಲಿರೋದು ನಾಲ್ಕು ಜನಕ್ಕೆ ಸಾಕು, 100 ಸೆಕೆಂಡ್ ಓಡುತ್ತೆ. ಅಷ್ಟರೊಳಗೆ ಹೊಸ ಫುಡ್ ಬರೋಕೆ ಶುರುವಾಗಿರಬೇಕು.

ಈಗ ಒಂದು ಲೆಕ್ಕ. 25 ಸೆಕೆಂಡಿಗೆ 50 ಫುಡ್ ಅಂದರೆ ಸೆಕೆಂಡಿಗೆ ಎರಡು. ಕುರಿ ಕಡಿಯುವ ಕೆಲಸದಲ್ಲಿರುವ ಒಬ್ಬ ವಿಲೇಜರ್ ಮೂರು ಸೆಕೆಂಡಿಗೆ ಸುಮಾರು ಒಂದು ಫುಡ್ ತರುತ್ತಾನೆ. ಹಾಗಾದರೆ ಎಷ್ಟು ಜನ ಬೇಕು? ಆರು. ಮೊದಲ ಆರು ಜನ ಕುರಿಗೆ ಅಂತ ಅನುಭವಿಗಳು ಬಾಯಿಪಾಠದ ಹಾಗೆ ಹೇಳುತ್ತಾರಲ್ಲ, ಅದರ ಕಾರಣ ಇದೇ. ಆರು ಜನ ಕುರಿಯ ಮೇಲಿದ್ದರೆ ಟೌನ್ ಸೆಂಟರ್ ತನ್ನ ಊಟ ತಾನೇ ದುಡಿದುಕೊಳ್ಳುತ್ತೆ. ಕಾರಣ ತಿಳಿದುಕೊಂಡರೆ ಸಂಖ್ಯೆ ಮರೆಯುವುದಿಲ್ಲ, ಅಲ್ವಾ?

ಕುರಿಯನ್ನು ಟೌನ್ ಸೆಂಟರ್ ಗೋಡೆಗೆ ಅಂಟಿದ ಹಾಗೆ ತಂದು ನಿಲ್ಲಿಸಿ ಕಡಿಯಿರಿ. ದೂರದಲ್ಲಿ ಕಡಿದರೆ ನಡೆಯೋದರಲ್ಲೇ ಹೊತ್ತು ಹೋಗುತ್ತೆ. ಒಂದು ಮುಗಿಯೋವರೆಗೆ ಇನ್ನೊಂದನ್ನು ಮುಟ್ಟಬೇಡಿ. ಕಡಿದ ಕುರಿಯ ಮಾಂಸ ಕೆಡುತ್ತಾ ಹೋಗುತ್ತೆ.

ಮೊದಲ ಮೂವರು ಎರಡು ಮನೆ ಕಟ್ಟಿ ಕುರಿಗೆ ಬರಲಿ. ಆಮೇಲಿನ ಮೂವರು ನೇರ ಕುರಿಗೆ. ಮುಂದಿನ ನಾಲ್ವರು ಮರಕ್ಕೆ, ಅಲ್ಲಿ ಲಂಬರ್ ಕ್ಯಾಂಪ್. ಅಲ್ಲಿಗೆ ಹತ್ತು ಜನ ಆಯಿತು. ಹನ್ನೊಂದನೆಯವನು ಕಾಡುಹಂದಿ ಕರೆದುಕೊಂಡು ಬರೋಕೆ.

ಕಾಡುಹಂದಿ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೊಸಬರು ಇದಕ್ಕೆ ಹೆದರಿ ಬಿಟ್ಟೇ ಬಿಡುತ್ತಾರೆ. ಒಂದು ಹಂದಿಯಲ್ಲಿ 340 ಫುಡ್ ಇದೆ, ಕುರಿಯಲ್ಲಿ ಬರೀ 100. ಮೇಲಾಗಿ ಬೇಟೆಯ ಮಾಂಸ ಕುರಿಗಿಂತ ಬೇಗ ಕೈಗೆ ಬರುತ್ತೆ. ಒಬ್ಬ ವಿಲೇಜರ್ ಹೋಗಿ ಹಂದಿಗೆ ಬಾಣ ಬಿಡಲಿ. ಅದು ತಿರುಗಿ ಅಟ್ಟಿಸಿಕೊಂಡು ಬರುತ್ತೆ. ತಕ್ಷಣ ಟೌನ್ ಸೆಂಟರ್ ಕಡೆ ಓಡಿಸಿ, ಮಧ್ಯೆ ಎಲ್ಲೂ ನಿಲ್ಲಿಸಬೇಡಿ. ಲೂಮ್ ಅಂತ ಟೌನ್ ಸೆಂಟರ್‌ನಲ್ಲಿ ಮಾಡಿಸುವ ಒಂದು ವಿದ್ಯೆ ಇದೆ. ಅದನ್ನು ಮಾಡದ ವಿಲೇಜರ್‌ಗೆ ಇರೋದು 25 ಪ್ರಾಣ, ಲೂಮ್ ಆದರೆ 40. ಹಂದಿ ಟೌನ್ ಸೆಂಟರ್ ಹತ್ತಿರ ಬಂದ ಕೂಡಲೇ ಕುರಿಯ ಮೇಲಿರುವವರೆಲ್ಲ ಒಟ್ಟಿಗೆ ಬಾಣ ಬಿಡಲಿ. ಅಟ್ಟಿಸಿಕೊಂಡವನ ಪ್ರಾಣ ತೀರಾ ಕಮ್ಮಿ ಆದರೆ ಅವನನ್ನು ಟೌನ್ ಸೆಂಟರ್ ಒಳಗೆ ಹಾಕಿಬಿಡಿ. ಮೊದಲ ಹಂದಿ ಮುಗಿಯುತ್ತಾ ಬಂದಾಗ ಎರಡನೆಯದಕ್ಕೆ ಬೇರೆಯವನನ್ನು ಕಳಿಸಿ, ಪೆಟ್ಟು ತಿಂದವನನ್ನೇ ಕಳಿಸಬೇಡಿ. ನಾಲ್ಕೈದು ಸಲ ಮಾಡಿದರೆ ಕೈಗೆ ಕೂರುತ್ತೆ.

ಈ ನಡುವೆ ಬೆರ್ರಿ ಹಣ್ಣಿನ ಪೊದೆಗಳ ಪಕ್ಕ ಮಿಲ್ ಕಟ್ಟಿ ನಾಲ್ವರನ್ನು ಬಿಡಿ. ಮಿಕ್ಕವರು ಮರಕ್ಕೆ. ಮನೆ ಮರೆಯಬೇಡಿ. ಟೌನ್ ಸೆಂಟರ್ ಐದು ಜನಕ್ಕೆ ಜಾಗ ಕೊಡುತ್ತೆ, ಒಂದೊಂದು ಮನೆ ಐದೈದು ಜನಕ್ಕೆ, 25 ವುಡ್. ಮನೆ ಇಲ್ಲದೆ ಟೌನ್ ಸೆಂಟರ್ 20 ಸೆಕೆಂಡ್ ನಿಂತರೆ ಹೆಚ್ಚುಕಮ್ಮಿ ಒಬ್ಬ ವಿಲೇಜರ್ ಹೋದ ಹಾಗೆ.

ಈಗ ಫ್ಯೂಡಲ್ ಬಟನ್ ಯಾವಾಗ ಒತ್ತೋದು? 21 ವಿಲೇಜರ್, ಒಂದು ಸ್ಕೌಟ್, ಒಟ್ಟು 22 ಆದಾಗ ಒತ್ತುತ್ತೇನೆ ಅಂತ ಇಟ್ಟುಕೊಳ್ಳಿ. ಮೂವರು ಮೊದಲೇ ಇದ್ದರು, ಹುಟ್ಟಬೇಕಾದವರು 18. 18 ಸಲ 25 ಅಂದರೆ 450 ಸೆಕೆಂಡ್. ಲೂಮ್‌ಗೆ ಇನ್ನು 25. ಒಟ್ಟು 475 ಸೆಕೆಂಡ್, ಅಂದರೆ 7 ನಿಮಿಷ 55 ಸೆಕೆಂಡ್. ಅದಕ್ಕೆ 130 ಸೇರಿಸಿದರೆ 10:05ಕ್ಕೆ ಫ್ಯೂಡಲ್. ಟೌನ್ ಸೆಂಟರ್ ಒಂದು ಸೆಕೆಂಡೂ ನಿಲ್ಲದಿದ್ದರೆ ಬರುವ ಸಮಯ ಇದು. ನಿಮಗೆ 11:30ಕ್ಕೆ ಬಂತು ಅಂದರೆ 85 ಸೆಕೆಂಡ್ ಎಲ್ಲೋ ನಿಂತಿದೆ. ಎಲ್ಲಿ ಅಂತ ಹುಡುಕಬೇಕು. ಸಾಮಾನ್ಯವಾಗಿ ಎರಡೇ ಕಾರಣ ಸಿಗುತ್ತೆ, ಮನೆ ಕಟ್ಟಿರಲಿಲ್ಲ ಅಥವಾ 50 ಫುಡ್ ಇರಲಿಲ್ಲ.

ಫುಡ್ ಸಾಲುತ್ತಾ ಅನ್ನೋರಿಗೆ: 18 ಜನಕ್ಕೆ 900, ಯುಗಕ್ಕೆ 500, ಒಟ್ಟು 1400. ಕೈಯಲ್ಲಿ 200 ಇತ್ತು, ದುಡಿಯಬೇಕಾದ್ದು 1200. ಎಂಟು ಕುರಿ 800, ಎರಡು ಹಂದಿ 680, ಬೆರ್ರಿ ಆರು ಪೊದೆಗೆ ತಲಾ 125ರಂತೆ 750. ಒಂದೂ ಫಾರ್ಮ್ ಹಾಕದೆ ಫ್ಯೂಡಲ್‌ಗೆ ಹೋಗಬಹುದು. ಹೊಸಬರು ಐದನೇ ನಿಮಿಷಕ್ಕೇ ಒಂದೊಂದು 60 ವುಡ್ ಕೊಟ್ಟು ಫಾರ್ಮ್ ಹಾಕುತ್ತಾರೆ, ಆಮೇಲೆ ಮನೆಗೆ ವುಡ್ ಇಲ್ಲ ಅಂತ ನಿಲ್ಲುತ್ತಾರೆ. ಕಾಡಿನಲ್ಲಿ ಪುಕ್ಕಟೆ ಇರೋದನ್ನು ಮೊದಲು ತಿನ್ನಿ.

ಆ 130 ಸೆಕೆಂಡ್

ಬಟನ್ ಒತ್ತಿ ಉಸಿರು ಬಿಟ್ಟು ಕೂರುವ ಸಮಯ ಅಲ್ಲ ಇದು. ಫ್ಯೂಡಲ್ ಮುಟ್ಟಿದ ಮರುಕ್ಷಣ ಏನು ಮಾಡುತ್ತೀರಿ ಅನ್ನೋದನ್ನು ಈಗಲೇ ಸಜ್ಜು ಮಾಡಬೇಕು.

ಟೌನ್ ಸೆಂಟರ್‌ಗೆ ಈಗ ಫುಡ್ ಬೇಡ. ಹಾಗಾಗಿ ಕುರಿ, ಹಂದಿ ಮುಗಿಸಿದ ಕೈಗಳನ್ನು ಮರಕ್ಕೆ, ಸ್ವಲ್ಪ ಗೋಲ್ಡ್‌ಗೆ ತಿರುಗಿಸಿ. ಬ್ಯಾರಕ್ಸ್ ಈ ಹೊತ್ತಿನಲ್ಲೇ ಏಳಬೇಕು. ಒಬ್ಬ ಕಟ್ಟಿದರೆ 50 ಸೆಕೆಂಡ್. ಇನ್ನು 80 ಸೆಕೆಂಡ್ ಉಳಿದಿರುವಾಗ ಕೈ ಹಾಕಿದರೆ ಆರಾಮಾಗಿ ಮುಗಿಯುತ್ತೆ. ಫ್ಯೂಡಲ್ ಸದ್ದು ಬಂದಾಗ ಬ್ಯಾರಕ್ಸ್ ನಿಂತಿರಬೇಕು, 175 ವುಡ್ ಕೈಯಲ್ಲಿರಬೇಕು, ಅದೇ ವಿಲೇಜರ್ ಅಲ್ಲೇ ಪಕ್ಕದಲ್ಲಿ ಆರ್ಚರ್‌ಗಳು ಹುಟ್ಟುವ ಆರ್ಚರಿ ರೇಂಜ್ ಅಥವಾ ಸ್ಟೇಬಲ್‌ಗೆ ಅಡಿಪಾಯ ಹಾಕಬೇಕು. ಇದೊಂದು ಸರಿಯಾದರೆ ನಿಮ್ಮ ಆಟ ತಕ್ಷಣ ಒಂದು ಮೆಟ್ಟಿಲು ಮೇಲೇರುತ್ತೆ, ನಾನು ನಂಬಿಕೆಯಿಂದ ಹೇಳುತ್ತೇನೆ.

ಇನ್ನೊಂದು ಮಾತು. ಯುಗ ಬಾಗಿಲು ತೆರೆಯುತ್ತೆ ಅಷ್ಟೇ, ಒಳಗಿನ ಸಾಮಾನು ಬೇರೆಯಾಗಿ ಕೊಳ್ಳಬೇಕು. ಫ್ಯೂಡಲ್ ಮುಟ್ಟಿದ ಮಾತ್ರಕ್ಕೆ ನಿಮ್ಮ ಮರ ಕಡಿಯುವವರು ಚುರುಕಾಗುವುದಿಲ್ಲ. ಲಂಬರ್ ಕ್ಯಾಂಪಿನಲ್ಲಿ 100 ಫುಡ್, 50 ವುಡ್ ಕೊಟ್ಟು ಡಬಲ್-ಬಿಟ್ ಆಕ್ಸ್ ಮಾಡಿಸಬೇಕು. ಮುಂದಿನ ಯುಗಗಳಲ್ಲೂ ಹೀಗೇ. ಇಂಪೀರಿಯಲ್‌ಗೆ ಹೋದರೂ ನಿಮ್ಮ ನೈಟ್‌ಗಳು ನೈಟ್‌ಗಳೇ, ದುಡ್ಡು ಕೊಟ್ಟು ಮೇಲೇರಿಸೋವರೆಗೂ. ಪುಕ್ಕಟೆ ಸಿಗೋದು ಸ್ವಲ್ಪ ಮಾತ್ರ. ಕಟ್ಟಡಗಳು ಗಟ್ಟಿಯಾಗುತ್ತವೆ, ನಿಮ್ಮ ಸ್ಕೌಟ್ ಕುದುರೆ ಫ್ಯೂಡಲ್‌ನಲ್ಲಿ ಕಣ್ಣಿಗೆ ಕಾಣುವಷ್ಟು ವೇಗವಾಗುತ್ತೆ. ಮನೆಗಳ ರೂಪವೂ ಬದಲಾಗುತ್ತೆ. ಎದುರಾಳಿಯ ಊರಿನ ಹತ್ತಿರ ಸ್ಕೌಟ್ ಇದ್ದರೆ ಮನೆ ನೋಡಿಯೇ ಅವನು ಯಾವ ಯುಗದಲ್ಲಿದ್ದಾನೆ ಅಂತ ಅಂದಾಜು ಮಾಡಬಹುದು. ಅದಕ್ಕಿಂತ ಮುಖ್ಯ ಅವನು ಕಟ್ಟುತ್ತಿರೋದು ಏನು ಅಂತ ನೋಡೋದು. ಎರಡು ಆರ್ಚರಿ ರೇಂಜ್ ಕಂಡರೆ ಅವನು ಸದ್ಯಕ್ಕೆ ಕ್ಯಾಸಲ್‌ಗೆ ಹೋಗುವವನಲ್ಲ, ನಿಮ್ಮ ಮನೆಗೆ ಬರುವವನು.

ಕ್ಯಾಸಲ್‌ಗೆ ಹೋಗಬೇಕಾ, ಬೇಡ್ವಾ

ಎರಡು ದಾರಿ. ಒಂದು, ಫ್ಯೂಡಲ್‌ನಲ್ಲಿ ಕಾದಾಡುತ್ತಾ ನಿಧಾನಕ್ಕೆ ಹೋಗೋದು. ಇನ್ನೊಂದು, ಫ್ಯೂಡಲ್‌ನಲ್ಲಿ ನಿಲ್ಲದೆ ನೇರ ಕ್ಯಾಸಲ್‌ಗೆ. ಎರಡನೆಯದರ ಲೆಕ್ಕ ಹೀಗೆ: ಸ್ಕೌಟ್ ಸೇರಿ 27 ಜನ ಆದಾಗ, ಅಂದರೆ ಸರಿಯಾಗಿ 10:00ಕ್ಕೆ, ಫ್ಯೂಡಲ್ ಒತ್ತುತ್ತೀರಿ. 12:10ಕ್ಕೆ ಮುಟ್ಟುತ್ತೀರಿ. ಬ್ಲ್ಯಾಕ್‌ಸ್ಮಿತ್‌ಗೆ 150 ವುಡ್, ಮಾರ್ಕೆಟ್ ಅಥವಾ ಸ್ಟೇಬಲ್‌ಗೆ 175, ಇಬ್ಬಿಬ್ಬರು ಸೇರಿ ಬೇಗ ಕಟ್ಟಲಿ. ಅಷ್ಟರಲ್ಲಿ ಟೌನ್ ಸೆಂಟರ್ ಇಬ್ಬರು ವಿಲೇಜರ್‌ಗಳನ್ನು ಕೊಡುತ್ತೆ. 13:00ಕ್ಕೆ ಕ್ಯಾಸಲ್ ಒತ್ತಿದರೆ 15:40ಕ್ಕೆ ಅಲ್ಲಿರುತ್ತೀರಿ. ಗೋಲ್ಡ್ ಸ್ವಲ್ಪ ಕಮ್ಮಿ ಬಿದ್ದರೆ ಮಾರ್ಕೆಟ್‌ನಲ್ಲಿ 100 ವುಡ್ ಮಾರಿ, ಮೊದಲ ಸಲ 70 ಗೋಲ್ಡ್ ಸಿಗುತ್ತೆ. ಪ್ರತಿ ಸಲ ಮಾರಿದಾಗಲೂ ರೇಟ್ ಇಳಿಯುತ್ತೆ, ಅದನ್ನೇ ಚಟ ಮಾಡಿಕೊಳ್ಳಬೇಡಿ.

ಸ್ಟೋನ್ ಮಾತ್ರ ಮಾರಬೇಡಿ ಅಂತ ನಾನು ಕೈ ಮುಗಿದು ಹೇಳುತ್ತೇನೆ. ಶುರುವಿನಲ್ಲಿ 200 ಸ್ಟೋನ್ ಕೊಟ್ಟಿದ್ದಾರಲ್ಲ? ಕ್ಯಾಸಲ್ ಏಜ್‌ನಲ್ಲಿ ಹೊಸ ಟೌನ್ ಸೆಂಟರ್‌ಗೆ 275 ವುಡ್, 100 ಸ್ಟೋನ್. ಆ 200 ಸ್ಟೋನ್ ಅಂದರೆ ಎರಡು ಟೌನ್ ಸೆಂಟರ್, ಒಂದು ಕಲ್ಲೂ ಒಡೆಯದೆ. ಮೂರು ಟೌನ್ ಸೆಂಟರ್ ಆದರೆ 25 ಸೆಕೆಂಡಿಗೆ ಮೂವರು. ಕ್ಯಾಸಲ್ ಏಜ್‌ನ ದೊಡ್ಡ ಬಹುಮಾನ ನೈಟ್ ಅಲ್ಲ, ಇದು, ಅಂತ ನನ್ನ ಅನಿಸಿಕೆ. ಆದರೆ ನೆನಪಿಡಿ, ಎರಡು ಟೌನ್ ಸೆಂಟರ್‌ಗೆ 550 ವುಡ್ ಬೇಕು. ಕ್ಯಾಸಲ್‌ಗೆ ಕಾಯುವ 160 ಸೆಕೆಂಡ್ ಇರೋದೇ ಅದಕ್ಕೆ. ಆ ಹೊತ್ತಿನಲ್ಲಿ ಮರದ ಮೇಲೆ ಎಂಟು ಹತ್ತು ಜನ ಇಲ್ಲದಿದ್ದರೆ ಬರಿಗೈಯಲ್ಲಿ ಹೊಸ ಯುಗಕ್ಕೆ ಕಾಲಿಡುತ್ತೀರಿ. ಅಕ್ಕನ ಮಗನಿಗೆ ಆಗಿದ್ದು ಅದೇ.

ಯಾವಾಗ ಹೋಗಬಾರದು? ಶತ್ರು ಈಗಾಗಲೇ ನಿಮ್ಮ ಮರದ ಹತ್ತಿರ ಇದ್ದರೆ. 800 ಫುಡ್ ಕೂಡಿಡುತ್ತಾ ಕೂತರೆ ಆ 800 ತರುವವರೇ ಸಾಯುತ್ತಾರೆ. ಅವನದು ಆರ್ಚರ್ ಆದರೆ ಸ್ಕರ್ಮಿಷರ್ (ಈಟಿ ಎಸೆಯುವವನು) ಮಾಡಿ. ಒಬ್ಬನಿಗೆ 25 ಫುಡ್, 35 ವುಡ್, ಗೋಲ್ಡ್ ಬೇಡವೇ ಬೇಡ. ಇದರಲ್ಲಿ ಒಂದು ಜಾಣತನ ಇದೆ. ಅವನು ಒಂದೊಂದು ಆರ್ಚರ್‌ಗೆ 45 ಗೋಲ್ಡ್ ಸುರಿಯುತ್ತಿರುವಾಗ ನೀವು ಗೋಲ್ಡ್ ಮುಟ್ಟದೆ ತಡೆಯುತ್ತೀರಿ, ಕ್ಯಾಸಲ್‌ಗೆ ಬೇಕಾದ 200 ಗೋಲ್ಡ್ ತನ್ನಷ್ಟಕ್ಕೆ ಕೂಡುತ್ತೆ. ಕಾಲಾಳುಗಳು ಬಂದರೆ ಆರ್ಚರ್, ಕುದುರೆ ಬಂದರೆ ಸ್ಪಿಯರ್‌ಮನ್.

ಉಲ್ಟಾ ಪರಿಸ್ಥಿತಿಯೂ ಬರುತ್ತೆ. ಅವನು ನಿಮಗಿಂತ ಮೊದಲು ಕ್ಯಾಸಲ್ ಮುಟ್ಟಿದ ಅಂತ ಪರದೆಯ ಮೇಲೆ ಬಂತು. ಗಾಬರಿ ಬೇಡ. ಅವನು 800 ಫುಡ್, 200 ಗೋಲ್ಡ್ ಈಗಷ್ಟೇ ಖರ್ಚು ಮಾಡಿದ್ದಾನೆ, ಅವನ ಟೌನ್ ಸೆಂಟರ್ 160 ಸೆಕೆಂಡ್ ಸುಮ್ನೆ ಇತ್ತು. ಮುಂದಿನ ಒಂದೆರಡು ನಿಮಿಷ ಅವನು ಇಡೀ ಆಟದಲ್ಲೇ ತುಂಬ ಬಡವ. ನಿಮ್ಮ ಹತ್ತಿರ ಸೈನ್ಯ ಇದ್ದರೆ ನುಗ್ಗುವ ಸಮಯ ಅದೇ, ಮೊದಲ ನಾಲ್ಕು ನೈಟ್ ಹೊರಗೆ ಬರೋ ಮೊದಲು. ಅವು ಬಂದ ಮೇಲೆ ನಿಮ್ಮ ಆರ್ಚರ್‌ಗಳನ್ನು ಹಿಂದಕ್ಕೆ ಕರೆಸಿಕೊಂಡು ನೀವೂ ಬಟನ್ ಒತ್ತಿ.

ಇಂಪೀರಿಯಲ್ ಬಗ್ಗೆ ಹೆಚ್ಚು ಹೇಳಲ್ಲ. ಹೊಸಬರ ಆಟ ಅಲ್ಲಿಗೆ ಮುಟ್ಟುವ ಮೊದಲೇ ಒಂದು ಕಡೆ ವಾಲಿರುತ್ತೆ. ಯೂನಿವರ್ಸಿಟಿ, ಮೊನಾಸ್ಟರಿ, ಸೀಜ್ ವರ್ಕ್‌ಶಾಪ್‌ಗಳಲ್ಲಿ ಎರಡು ಬೇಕು, ಇಲ್ಲವೇ 650 ಸ್ಟೋನ್‌ನ ಕ್ಯಾಸಲ್ ಅನ್ನುವ ಒಂದು ಕೋಟೆ ಇದ್ದರೂ ಸಾಕು. ನಾನು ಕ್ಯಾಸಲ್ ಕಟ್ಟುವ ಕಡೆ. ಯಾಕೆಂದರೆ ಇಂಪೀರಿಯಲ್‌ಗೆ ಹೋಗಲು ಮುಖ್ಯ ಕಾರಣವೇ ಟ್ರೆಬುಶೆ, ಅದು ಹುಟ್ಟೋದು ಕ್ಯಾಸಲ್‌ನಲ್ಲೇ. ಶತ್ರುವಿನ ಕ್ಯಾಸಲ್ ಬಾಣ ಬಿಡುವ ದೂರಕ್ಕಿಂತ ಆಚೆ ನಿಂತು ಅದು ಕಲ್ಲೆಸೆಯುತ್ತೆ.

ಯಾವ ನಾಡಿನವರು, ಹೇಗೆ ದಾಟುತ್ತಾರೆ

ಒಂದೇ ನಿಯಮ ಎಲ್ಲರಿಗೂ ಇದ್ದರೂ ಒಬ್ಬೊಬ್ಬರಿಗೆ ಒಂದೊಂದು ರಿಯಾಯಿತಿ. ಇಟಾಲಿಯನ್ನರಿಗೆ ಯುಗ ಅಗ್ಗ. ಮಲಯರಿಗೆ ಸಮಯ ಬಹಳ ಕಮ್ಮಿ. ಖ್ಮೇರರಿಗೆ ಎರಡು ಕಟ್ಟಡದ ನಿಯಮವೇ ಇಲ್ಲ. ಕ್ಯೂಮನ್ನರು ಫ್ಯೂಡಲ್‌ನಲ್ಲೇ ಎರಡನೇ ಟೌನ್ ಸೆಂಟರ್ ಕಟ್ಟಬಹುದು. ನಾಡು ಆರಿಸುವಾಗ ಸೈನಿಕರ ಚಂದ ನೋಡುವ ಮೊದಲು ಈ ರಿಯಾಯಿತಿ ಏನು ಅಂತ ಓದಿ.

2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನುವ ಹೆಚ್ಚುವರಿ ಭಾಗದಲ್ಲಿ ದ್ರಾವಿಡಿಯನ್ಸ್ ಅಂತ ಒಂದು ನಾಡು ಸೇರಿತು. ದಕ್ಷಿಣದವರೆಲ್ಲ ಆ ಒಂದು ಹೆಸರಿನಡಿ ಇದ್ದೇವೆ. ಇವರಿಗೆ ಪ್ರತಿ ಯುಗ ದಾಟಿದಾಗಲೂ 200 ವುಡ್ ಉಚಿತ. ಈಗ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಫ್ಯೂಡಲ್ ಮುಟ್ಟಿದ ಗಳಿಗೆಯಲ್ಲಿ ಬೇಕಾದ್ದು 175 ವುಡ್, ಕೈಗೆ ಬಂದದ್ದು 200. ಉಳಿದ 25ಕ್ಕೆ ಒಂದು ಮನೆ. ಅಂದರೆ ಆ 130 ಸೆಕೆಂಡಿನಲ್ಲಿ ನೀವು ಕೂಡಿಸಿದ ವುಡ್ ಪೂರ್ತಿ ಇನ್ನೊಂದು ಆರ್ಚರಿ ರೇಂಜ್‌ಗೆ. ಇವರಿಗೆ ನೈಟ್ ಇಲ್ಲ, ಅದನ್ನು ಮೊದಲೇ ತಿಳಿದು ಆಡಬೇಕು. ಕೊನೆಯ ಯುಗದಲ್ಲಿ ವೂಟ್ಜ್ ಸ್ಟೀಲ್ ಅನ್ನುವ ವಿದ್ಯೆ ಸಿಗುತ್ತೆ. ಅದು ಬಂದರೆ ಕಾಲಾಳು ಮತ್ತು ಕುದುರೆ ಸವಾರರ ಏಟು ಎದುರಿನವನ ಕವಚವನ್ನು ಲೆಕ್ಕಕ್ಕೇ ಇಡುವುದಿಲ್ಲ. ವೂಟ್ಜ್ ಅನ್ನೋದು ನಮ್ಮ ಉಕ್ಕು ಪದದಿಂದಲೇ ಬಂದದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮೊದಲ ಸಲ ಆ ಬಟನ್ ಒತ್ತಿದಾಗ ನನಗೆ ಮೈ ಜುಮ್ಮೆಂದಿತ್ತು.

ಇದೇ ಜಾಗದಲ್ಲಿ ಇತಿಹಾಸದ ಬಗ್ಗೆ ಒಂದು ಮಾತು ಹೇಳಬೇಕು. ದಕ್ಷಿಣ ಭಾರತದಲ್ಲಿ ಈ ಉಕ್ಕು ತಯಾರಾಗುತ್ತಿದ್ದದ್ದು ಕ್ರಿಸ್ತಪೂರ್ವ ಕಾಲದಿಂದ, ಆಟದಲ್ಲಿ ಅದು ಕೊನೆಗೆ ಬರುತ್ತೆ. ಡಾರ್ಕ್ ಏಜ್ ಅನ್ನುವ ಹೆಸರು ರೋಮ್ ಬಿದ್ದ ಮೇಲಿನ ಯುರೋಪನ್ನು ನೋಡಿ ಇಟ್ಟದ್ದು. ಆ ಹೊತ್ತಿಗೆ ನಮ್ಮಲ್ಲಿ ಹಲ್ಮಿಡಿ ಶಾಸನ ಕೆತ್ತಿದ್ದರು, 578ರ ಹೊತ್ತಿಗೆ ಬಾದಾಮಿಯ ಮೂರನೇ ಗುಹೆ ಮುಗಿದಿತ್ತು. ಹಾಗಾಗಿ ಮಕ್ಕಳು ಆಡುವಾಗ ಇದು ಆಟದ ಗಡಿಯಾರ, ಲೋಕದ ಗಡಿಯಾರ ಅಲ್ಲ ಅಂತ ಹೇಳಿಕೊಡಿ. ಆಡೋಕೂ ಇದು ಉಪಯೋಗಕ್ಕೆ ಬರುತ್ತೆ. ಆಜ್ಟೆಕ್ಕರು ಇಂಪೀರಿಯಲ್ ಏಜ್ ಮುಟ್ಟಿದರೂ ಅವರಿಗೆ ಕುದುರೆ ಸೈನ್ಯವೂ ಇಲ್ಲ, ಬಂದೂಕೂ ಇಲ್ಲ. ಯುಗದ ಹೆಸರು ಒಂದೇ ಆದರೂ ಒಳಗೆ ಇರೋದು ಒಬ್ಬೊಬ್ಬರಿಗೆ ಒಂದೊಂದು ಥರ. ಎದುರಾಳಿಯ ಯುಗ ನೋಡಿ ಹೆದರೋ ಮೊದಲು ಅವನ ನಾಡಿಗೆ ಅಲ್ಲಿ ಏನು ಸಿಗುತ್ತೆ ಅಂತ ನೋಡಿ.

ಬೇರೆ ಆಟಗಳಿಗೆ ಹೋದರೆ ಬೆಲೆ ಕಟ್ಟುವ ರೀತಿಯೇ ಬೇರೆ. 2021ರ ಏಜ್ ಆಫ್ ಎಂಪೈರ್ಸ್ 4ರಲ್ಲಿ ಹೆಚ್ಚಿನ ನಾಡುಗಳಿಗೆ ಎರಡು ಹೆಗ್ಗುರುತಿನ ಕಟ್ಟಡಗಳಲ್ಲಿ ಒಂದನ್ನು ಆರಿಸಿ ಕಟ್ಟಿದರೆ ಯುಗ ದಾಟಿದ ಹಾಗೆ. ಕಟ್ಟೋರು ವಿಲೇಜರ್‌ಗಳು, ಟೌನ್ ಸೆಂಟರ್ ನಿಲ್ಲುವುದಿಲ್ಲ. ಜಾಸ್ತಿ ಜನ ಹಾಕಿದರೆ ಬೇಗ ಏಳುತ್ತೆ. ಹಾಗಾಗಿ ಅಲ್ಲಿ ಪ್ರಶ್ನೆ ಎಷ್ಟು ಜನರನ್ನು ದುಡಿಮೆಯಿಂದ ಎಬ್ಬಿಸಬೇಕು ಅನ್ನೋದು. ಸಿವಿಲೈಜೇಷನ್ 6ರಲ್ಲಿ ಯುಗದ ಬಟನ್ನೇ ಇಲ್ಲ. ಒಂದೊಂದೇ ವಿದ್ಯೆ ಕಲಿಯುತ್ತಾ ಹೋಗುತ್ತೀರಿ, ಹೆಚ್ಚುಕಮ್ಮಿ ಪ್ರತಿ ವಿದ್ಯೆಗೂ ಒಂದು ಸಣ್ಣ ಕೆಲಸ ಇದೆ, ಅದನ್ನು ಮಾಡಿದರೆ ಖರ್ಚಿನ ದೊಡ್ಡ ಪಾಲು ಉಳಿಯುತ್ತೆ. ಮುಂದೆ ಬೇಕಾದ ವಿದ್ಯೆಯ ಆ ಕೆಲಸವನ್ನು ಮೊದಲೇ ಮಾಡಿ ಇಟ್ಟುಕೊಳ್ಳೋದು ಅಲ್ಲಿನ ಜಾಣತನ. 2025ರಲ್ಲಿ ಬಂದ ಸಿವಿಲೈಜೇಷನ್ 7ರಲ್ಲಂತೂ ಮೂರೇ ಯುಗ, ಎಲ್ಲ ಆಟಗಾರರೂ ಒಟ್ಟಿಗೇ ದಾಟುತ್ತಾರೆ. ಅಲ್ಲಿ ಓಡಿ ಮುಂದೆ ಹೋಗೋದಕ್ಕೆ ಅರ್ಥವಿಲ್ಲ, ಯುಗ ಮುಗಿಯೋದರೊಳಗೆ ಏನೇನು ಕೂಡಿಸಿದಿರಿ ಅನ್ನೋದೇ ಲೆಕ್ಕ. ಯಾವ ಆಟವಾದರೂ ಮೊದಲು ಕೇಳಬೇಕಾದ್ದು ಇಷ್ಟೇ: ಯುಗ ದಾಟುವಾಗ ಯಾವ ಕೆಲಸ ನಿಲ್ಲುತ್ತೆ?

ಅಭ್ಯಾಸ

ಇಡೀ ಆಟ ಆಡಬೇಡಿ. ಕಂಪ್ಯೂಟರ್ ಎದುರು ಅರೇಬಿಯಾ ಮ್ಯಾಪ್ ಹಾಕಿ, ಫ್ಯೂಡಲ್ ಮುಟ್ಟಿದ ಕೂಡಲೇ ನಿಲ್ಲಿಸಿ, ಸಮಯ ಬರೆದಿಟ್ಟುಕೊಳ್ಳಿ. ದಿನಕ್ಕೆ ಎರಡು ಸಲ, ಒಂದು ವಾರ. ಮೊದಲ ದಿನ 13 ನಿಮಿಷ ಬಂದರೂ ಬೇಜಾರಿಲ್ಲ. 11ರ ಒಳಗೆ ಬಂದ ಮೇಲೆ ಬ್ಯಾರಕ್ಸ್ ಸೇರಿಸಿ, ಆಮೇಲೆ ಆರ್ಚರಿ ರೇಂಜ್ ಸೇರಿಸಿ. ನಾಡು ಬದಲಾಯಿಸಬೇಡಿ, ಒಂದನ್ನೇ ಹಿಡಿದುಕೊಳ್ಳಿ.

ಅಕ್ಕನ ಮಗ ಊರಿಗೆ ಹೋದ ಮೇಲೂ ಇದನ್ನು ಬಿಡಲಿಲ್ಲ. ಮೊನ್ನೆ ಫೋನ್ ಮಾಡಿದ್ದ. "ಮಾಮ, 10:40 ಬಂತು. ಆ ಬ್ಯಾರಕ್ಸ್ ಕಟ್ಟೋಕೆ ಯಾರನ್ನ ಕಳಿಸ್ಲಿ, ಮರ ಕಡಿಯೋನನ್ನಾ, ಬೆರ್ರಿಯವನನ್ನಾ?" ಇಬ್ಬರನ್ನೂ ಬೇಡ ಕಣೋ, ಎರಡನೇ ಹಂದಿ ಮುಗಿಸಿ ಕೈ ಖಾಲಿ ಆದವನು ಇರ್ತಾನಲ್ಲ, ಅವನನ್ನು ಕಳಿಸು ಅಂದೆ.